ಓಡುವ ಕರ್ನಲ್‌ನಿಂದಲೇ ಪಾಠ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿ ಬರೆಯುವ ಶೆಡ್ಯೂಲಿಂಗ್ (ಸಿಪಿಯುವನ್ನು ಯಾವ ಪ್ರೊಸೆಸ್‌ಗೆ, ಅಂದರೆ ಓಡುತ್ತಿರುವ ಯಾವ ಪ್ರೋಗ್ರಾಮಿಗೆ, ಯಾವಾಗ ಕೊಡಬೇಕೆಂದು ನಿರ್ಧರಿಸುವ) ಪ್ರೋಗ್ರಾಮು ಸಾಮಾನ್ಯವಾಗಿ ಪ್ರತಿ ಪ್ರೊಸೆಸ್‌ನ ಬರ್ಸ್ಟ್ ಟೈಮ್, ಅಂದರೆ ಅದಕ್ಕೆ ಬೇಕಾಗುವ ಸಿಪಿಯು ಅವಧಿ, ಎಷ್ಟೆಂದು ಬಳಕೆದಾರನನ್ನೇ ಕೇಳುತ್ತದೆ. 5, 8, 3 ಎಂದು ಟೈಪು ಮಾಡಿದರೆ ಯಾವುದು ಯಾವಾಗ ಓಡಿತೆಂದು ತೋರಿಸುವ ಗ್ಯಾಂಟ್ ಚಾರ್ಟೂ ಸರಾಸರಿ ಕಾಯುವ ಅವಧಿಯೂ ತೆರೆಯ ಮೇಲೆ ಬರುತ್ತವೆ, ರೆಕಾರ್ಡಿಗೆ ಸಹಿ ಬೀಳುತ್ತದೆ. ಲೆಕ್ಕವೇನೋ ಸರಿಯಾಗಿರುತ್ತದೆ. ಆದರೆ ಆಪರೇಟಿಂಗ್ ಸಿಸ್ಟಮ್ಮಿನ ಕೇಂದ್ರಭಾಗವಾದ ನಿಜವಾದ ಕರ್ನಲ್‌ಗೆ ಯಾವ ಪ್ರೊಸೆಸ್ ಎಷ್ಟು ಹೊತ್ತು ಓಡೀತು ಎಂಬುದು ಮೊದಲೇ ತಿಳಿದಿರುವುದಿಲ್ಲ. ತಿಳಿಯದ ಕಾರಣಕ್ಕೇ ಅದು ನಿಗದಿತ ಅವಧಿಗೊಮ್ಮೆ ಸಿಪಿಯುಗೆ ಬರುವ ಸೂಚನೆಯಾದ ಟೈಮರ್ ಇಂಟರಪ್ಟಿನ ನೆರವಿನಿಂದ ಸಿಪಿಯುವನ್ನು ಆಗಾಗ ಹಿಂದಕ್ಕೆ ಪಡೆಯಬೇಕಾಗುತ್ತದೆ. ವಿಷಯದ ತಿರುಳಾದ ಈ ಅನಿಶ್ಚಿತತೆಯನ್ನೇ ನಮ್ಮ ಲ್ಯಾಬ್ ಮೊದಲ ಸಾಲಿನಲ್ಲಿ ಅಳಿಸಿಹಾಕುತ್ತದೆ.

ಹೀಗೆ ಆಗಬೇಕಾಗಿರಲಿಲ್ಲ. 1976ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಆರನೆಯ ಆವೃತ್ತಿಯ ಕರ್ನಲ್ ಕೋಡನ್ನು ವಿವರಿಸುವ ಟಿಪ್ಪಣಿಗಳನ್ನು ತಮ್ಮ ತರಗತಿಗೆಂದು ಸಿದ್ಧಪಡಿಸಿದ್ದರು. ಆ ಕೋಡು ಹತ್ತು ಸಾವಿರ ಸಾಲುಗಳೊಳಗೆ ಮುಗಿಯುತ್ತಿತ್ತು. ಏಳನೆಯ ಆವೃತ್ತಿಯ ಪರವಾನಗಿಯಲ್ಲಿ ಯುನಿಕ್ಸಿನ ಒಡೆತನ ಹೊಂದಿದ್ದ ಎಟಿ ಅಂಡ್ ಟಿ ಕಂಪನಿಯು ಕೋಡನ್ನು ತರಗತಿಯಲ್ಲಿ ಬಳಸುವುದನ್ನು ನಿಷೇಧಿಸಿದಾಗ ಅನೇಕ ವಿಶ್ವವಿದ್ಯಾಲಯಗಳು ಬರಿಯ ಸಿದ್ಧಾಂತಕ್ಕೆ ಮರಳಿದವು. ಆ ಕೊರತೆಯನ್ನು ನೀಗಿಸಲೆಂದೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಬೋಧಿಸುತ್ತಿದ್ದ ಆಂಡ್ರ್ಯೂ ಟನೆನ್‌ಬಾಮ್ 1987ರಲ್ಲಿ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಅನ್ನು ಹೊರತಂದರು. ಅದನ್ನು ಬಳಸುತ್ತಿದ್ದ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯತೊಡಗಿದರು. ಇಂದು ನಮ್ಮನ್ನು ತಡೆಯುವ ಪರವಾನಗಿ ಯಾವುದೂ ಇಲ್ಲ. ಆದರೂ ನಾವು ನಿಷೇಧದ ಕಾಲದವರಂತೆ ಪಾಠ ಮಾಡುತ್ತಿರುವುದು ನನಗೆ ಬೇಸರದ ಸಂಗತಿ.

ಕೋಡು ಮುಕ್ತವಾಗಿದ್ದರಷ್ಟೇ ಸಾಲದು, ಒಂದು ಸೆಮಿಸ್ಟರಿನಲ್ಲಿ ಓದಿ ಮುಗಿಸುವಷ್ಟು ಚಿಕ್ಕದೂ ಆಗಿರಬೇಕು. ಲಿನಕ್ಸ್ ಕರ್ನಲ್ ಈಗ ಕೋಟಿಗಟ್ಟಲೆ ಸಾಲುಗಳಿಗೆ ಬೆಳೆದಿದೆ. ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿಯನ್ನು ನೇರವಾಗಿ ಅದರೊಳಗೆ ಇಳಿಸಿದರೆ ಅವನಿಗೆ ದಾರಿ ಸಿಗುವುದಿಲ್ಲ. ಆದ್ದರಿಂದ ನಾನು ಎಂಐಟಿಯಲ್ಲಿ 2006ರಲ್ಲಿ ಬೋಧನೆಗೆಂದೇ ರೂಪುಗೊಂಡ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಅನ್ನು ಆರಿಸಿಕೊಳ್ಳುತ್ತೇನೆ. ಅದು ಆರನೆಯ ಆವೃತ್ತಿಯ ಯುನಿಕ್ಸ್ ಅನ್ನು ಹೊಸ ಯಂತ್ರಗಳಿಗೆ ತಕ್ಕಂತೆ ಮತ್ತೆ ಬರೆದದ್ದು. ಈಗ ರಿಸ್ಕ್-ಫೈವ್ ಪ್ರೊಸೆಸರಿಗೆ ಹೊಂದಿಕೊಂಡಿದೆ. ಐಐಟಿ ಬಾಂಬೆ ಮತ್ತು ದೆಹಲಿಗಳ ಕೋರ್ಸುಗಳಲ್ಲಿಯೂ ಅದು ಬಳಕೆಯಾಗಿದೆ.

ಮೊದಲ ಅಭ್ಯಾಸವಾಗಿ ಒಂದು ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಮು ಕರ್ನಲ್‌ನಿಂದ ಸೇವೆ ಕೋರುವ ಕರೆ) ಸೇರಿಸಲು ಹೇಳಬೇಕು. ಅದಕ್ಕಾಗಿ ಐದು ಫೈಲುಗಳನ್ನು ಮುಟ್ಟಬೇಕಾಗುತ್ತದೆ: ಕಾಲ್‌ಗೆ ಒಂದು ಸಂಖ್ಯೆ, ಕೋಷ್ಟಕದಲ್ಲಿ ಒಂದು ನಮೂದು, ಕರ್ನಲ್‌ನೊಳಗೆ ಒಂದು ಫಂಕ್ಷನ್, ಬಳಕೆದಾರನ ಕಡೆಯಲ್ಲಿ ಒಂದು ಘೋಷಣೆ ಮತ್ತು ಆ ಕರೆಯನ್ನು ಕರ್ನಲ್‌ಗೆ ದಾಟಿಸುವ ಸಣ್ಣ ಕೋಡಾದ ಒಂದು ಸ್ಟಬ್. ಈ ಐದರ ನಡುವೆ ಓಡಾಡುವಾಗಲೇ, ಬಳಕೆದಾರನ ಪ್ರೋಗ್ರಾಮು ಸಿಪಿಯುವಿನ ಒಳಗಿನ ಪುಟ್ಟ ಸಂಗ್ರಹವಾದ ರಿಜಿಸ್ಟರಿನಲ್ಲಿ ಸಂಖ್ಯೆಯೊಂದನ್ನಿಟ್ಟು ಬಾಗಿಲು ತಟ್ಟುತ್ತದೆಯೇ ಹೊರತು ಕರ್ನಲ್‌ನ ಫಂಕ್ಷನ್ನನ್ನು ತಾನೇ ಕರೆಯಲಾರದು ಎಂಬುದು ವಿದ್ಯಾರ್ಥಿಗೆ ಮನದಟ್ಟಾಗುತ್ತದೆ. ಆನಂತರ ಶೆಡ್ಯೂಲರ್. ಎಕ್ಸ್‌ವಿ6ರಲ್ಲಿ ಅದು 64 ಪ್ರೊಸೆಸ್‌ಗಳ ಪಟ್ಟಿಯನ್ನು ಸರದಿಯಂತೆ ನೋಡುತ್ತ ಹೋಗುವ ಒಂದು ಸಣ್ಣ ಲೂಪ್, ಅಷ್ಟೆ. ಅದನ್ನು ಆದ್ಯತೆಯ ಕ್ರಮಕ್ಕೆ ಬದಲಾಯಿಸಿದ ವಿದ್ಯಾರ್ಥಿಯು, ಕಡಿಮೆ ಆದ್ಯತೆಯ ಪ್ರೋಗ್ರಾಮು ಏನನ್ನೂ ಮುದ್ರಿಸದೆ ನಿಂತುಬಿಟ್ಟಿರುವುದನ್ನು ಕಂಡು, ಪಠ್ಯದಲ್ಲಿ ಓದಿದ ಸ್ಟಾರ್ವೇಶನ್ (ಸರದಿಯೇ ಬಾರದೆ ಕಾಯುತ್ತಲೇ ಇರುವುದು) ಎಂದರೇನೆಂದು ಅರಿಯುತ್ತಾನೆ.

ನನಗೆ ಅತ್ಯಂತ ಪ್ರಿಯವಾದ ಅಭ್ಯಾಸ ಲಾಕಿಗೆ, ಅಂದರೆ ಒಂದು ದತ್ತಾಂಶವನ್ನು ಒಮ್ಮೆಗೆ ಒಬ್ಬರೇ ಬದಲಿಸುವಂತೆ ಕಾಯುವ ಬೀಗಕ್ಕೆ, ಸಂಬಂಧಿಸಿದ್ದು. ಖಾಲಿ ಮೆಮೊರಿ ಪುಟಗಳ ಪಟ್ಟಿಯನ್ನು ಕಾಯುವ ಲಾಕನ್ನು ತೆಗೆದು ಕರ್ನಲ್ ಅನ್ನು ಒಂದೇ ಸಿಪಿಯು ಮೇಲೆ ಓಡಿಸಿದರೆ ಬಹುತೇಕ ಸಲ ಯಾವ ದೋಷವೂ ಕಾಣುವುದಿಲ್ಲ. ಮೂರು ಸಿಪಿಯುಗಳ ಮೇಲೆ ಒತ್ತಡ ಹಾಕಿ ಓಡಿಸಿದಾಗ ಒಂದೇ ಪುಟವು ಇಬ್ಬರ ಕೈಗೆ ಸೇರಿ ಕರ್ನಲ್ ಕುಸಿಯುತ್ತದೆ, ಅದೂ ಪ್ರತಿ ಬಾರಿ ಬೇರೆ ಬೇರೆ ಜಾಗದಲ್ಲಿ. "ಮೇಡಂ, ಈಗಷ್ಟೇ ಸರಿಯಾಗಿ ಓಡುತ್ತಿತ್ತು" ಎಂದು ವಿದ್ಯಾರ್ಥಿ ಹೇಳುವ ಆ ಗಳಿಗೆಯಲ್ಲಿ ನಿಲ್ಲಿಸಿ ರೇಸ್ ಕಂಡಿಷನ್ (ಯಾರು ಮೊದಲು ಮುಟ್ಟಿದರೆಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷ) ವಿವರಿಸಿದರೆ ಅದು ಮರೆಯುವುದಿಲ್ಲ.

ಇದಾದ ಮೇಲೆ ಲಿನಕ್ಸ್‌ಗೆ ಹೋಗಬಹುದು, ವರ್ಚುವಲ್ ಮಷೀನಿನೊಳಗೆ ಕರ್ನಲ್‌ಗೆ ಸೇರಿಸಬಹುದಾದ ತುಣುಕು ಕೋಡಾದ ಒಂದು ಚಿಕ್ಕ ಮಾಡ್ಯೂಲ್ ಬರೆಸಬಹುದು. 2007ರಿಂದ ಇದ್ದ ಅದರ ಸಿಎಫ್‌ಎಸ್ ಎಂಬ ಶೆಡ್ಯೂಲರನ್ನು 2023ರಲ್ಲಿ ಏಕೆ ಬದಲಿಸಿದರು ಎಂಬ ಚರ್ಚೆಯನ್ನು ಅನುಸರಿಸುವ ಸಾಮರ್ಥ್ಯವೂ ಆ ಹೊತ್ತಿಗೆ ವಿದ್ಯಾರ್ಥಿಗೆ ಬಂದಿರುತ್ತದೆ.

ಲ್ಯಾಬಿನ ಯಂತ್ರಗಳು ಹಾಳಾದಾವು ಎಂಬ ಅಳುಕು ಬೇಡ. ಎಕ್ಸ್‌ವಿ6 ಓಡುವುದು ಕ್ಯೂಎಮು ಎಂಬ ಎಮ್ಯುಲೇಟರಿನೊಳಗೆ. ಕರ್ನಲ್ ಕುಸಿದರೆ ಒಂದು ಕಿಟಕಿ ಮುಚ್ಚಿ ಮತ್ತೆ ತೆರೆದರೆ ಸಾಕು. ನಿಜವಾದ ತೊಡಕು ಮೌಲ್ಯಮಾಪನದ್ದು, ಏಕೆಂದರೆ ಈ ಅಭ್ಯಾಸಗಳ ಸಿದ್ಧ ಉತ್ತರಗಳು ಅಂತರಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಹೀಗಾಗಿ ಅಂಕವನ್ನು ಕೋಡಿಗಿಂತ ವೈವಾಕ್ಕೆ ಹೆಚ್ಚಾಗಿ ಮೀಸಲಿಡುವುದು ಒಳ್ಳೆಯದು: ವಿದ್ಯಾರ್ಥಿ ಸೇರಿಸಿದ ಒಂದು ಸಾಲನ್ನು ಅವನೆದುರಿಗೇ ಅಳಿಸಿ, ಈಗ ಓಡಿಸಿದರೆ ಏನಾಗುತ್ತದೆ ಎಂದು ಕೇಳಿ, ಉತ್ತರ ಬಂದ ಮೇಲೆ ಓಡಿಸಿ ನೋಡಬೇಕು. ಹೀಗೆ ಪರೀಕ್ಷಿಸಲು ಪ್ರತಿ ವಿದ್ಯಾರ್ಥಿಗೂ ಹೆಚ್ಚು ಸಮಯ ಬೇಕು, ಪರೀಕ್ಷಕರೂ ಆ ಕೋಡನ್ನು ಮೊದಲು ತಾವೇ ಬದಲಿಸಿ ನೋಡಿರಬೇಕು. ಪಠ್ಯಕ್ರಮ ಪರಿಷ್ಕರಿಸುವವರು ಇವೆರಡಕ್ಕೂ ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಡಬೇಕೆಂಬುದು ನನ್ನ ಕೋರಿಕೆ.