ಸರ್ಪಸುತ್ತಿಗೆ ಮಂತ್ರ ಹಾಕಿಸಿದ ಮೇಲೆ ಉರಿ ಇಳಿಯಿತಲ್ಲ, ಅದಕ್ಕೇನಂತೀರಿ?

ಪ್ರಶ್ನೆ: ಸರ, ನಮ್ಮ ಅತ್ತೆಯವರಿಗೆ ಸರ್ಪಸುತ್ತು ಆಗಿತ್ತು. ರೋಣದ ಕಡೆ ಒಬ್ಬರ ಹತ್ತಿರ ಮಂತ್ರ ಹಾಕಿಸಿ, ಕೆಮ್ಮಣ್ಣು ಹಚ್ಚಿಸಿಕೊಂಡು ಬಂದ್ವಿ. ಅವತ್ತು ರಾತ್ರಿನೇ ಉರಿ ಕಡಿಮೆ ಆಯ್ತು. ಹದಿನೈದು ದಿನಕ್ಕೆ ಗುಳ್ಳೆ ಒಣಗಿದವು. ಹಾವು ಸುತ್ತು ಹಾಕೋದೂ ಅರ್ಧಕ್ಕೇ ನಿಂತಿತು. ಇದಕ್ಕೇನಂತೀರಿ?

ಈ ಪ್ರಶ್ನೆ ನನಗೆ ಹೊಸದಲ್ಲ. ಊರು ಬೇರೆ ಇರುತ್ತದೆ, ಅತ್ತೆಯ ಬದಲು ಮಾವ ಇರುತ್ತಾರೆ, ಅಷ್ಟೇ. ಗದಗಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದೆ. ನಿವೃತ್ತಿಯಾದ ಮೇಲೂ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಇದಕ್ಕೆ ಉತ್ತರ ಹೇಳುತ್ತಲೇ ಬಂದಿದ್ದೇನೆ. ಅಲ್ಲಿ ಅರ್ಧಕ್ಕೇ ಮಾತು ನಿಲ್ಲುತ್ತದೆ. ಈ ಸಲ ಪೂರ್ತಿ ಬರೆಯುತ್ತೇನೆ.

ಮೊದಲು ಆ ಹಾವಿನ ವಿಷಯ. ಯಾಕಂದ್ರೆ ಎಲ್ಲರನ್ನೂ ಹೆದರಿಸುವುದು ಅದೇ. ಸುತ್ತು ಪೂರ್ತಿಯಾಗಿ ತಲೆ-ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹೊಲದಲ್ಲಿ ಯಾವಾಗಲೋ ಹಾವು ಹೊಡೆದದ್ದು, ಪಂಚಮಿಗೆ ಹಾಲೆರೆಯದೆ ಇದ್ದದ್ದು, ಎಲ್ಲವೂ ಆಗ ನೆನಪಿಗೆ ಬರುತ್ತದೆ. ನೋವಿನ ಜೊತೆ ಪಾಪದ ಭಯವೂ ಸೇರಿಕೊಳ್ಳುತ್ತದೆ.

ಇದು ಹಾವಿನಿಂದ ಬರುವ ಕಾಯಿಲೆ ಅಲ್ಲ. ಸಣ್ಣವರಿದ್ದಾಗ ಅಮ್ಮ ಬಂದಿರುತ್ತದಲ್ಲ, ಸೀತಾಳೆ ಸಿಡುಬು, ಅದೇ ವೈರಸ್ಸು ಇದು. ಅಮ್ಮ ವಾಸಿಯಾದರೂ ವೈರಸ್ಸು ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ ನರದ ಬುಡದಲ್ಲಿರುವ ಗಂಟಿನೊಳಗೆ ಸೇರಿ ಸುಮ್ನೆ ಇರುತ್ತದೆ. ನಲವತ್ತು ವರ್ಷವೋ, ಐವತ್ತು ವರ್ಷವೋ. ವಯಸ್ಸಾಗಿ ಮೈಯ ಕಾವಲು ಸಡಿಲಾದಾಗ ಏಳುತ್ತದೆ, ಅದೇ ನರ ಹಿಡಿದು ಚರ್ಮದ ತನಕ ಬರುತ್ತದೆ. ಅದಕ್ಕೇ ಗುಳ್ಳೆ ಪಟ್ಟಿಯಾಗಿ ಏಳುವುದು. ಅದಕ್ಕೇ ಗುಳ್ಳೆಗಿಂತ ಒಂದೆರಡು ದಿನ ಮೊದಲೇ ಉರಿ, ಚುಚ್ಚು ಶುರುವಾಗುವುದು. ಹೀಗೆಂದು ವಾದ ಕಟ್ಟಿಕೊಟ್ಟವರು ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮ ದವಾಖಾನೆಗೆ ಬಂದವರ ಲೆಕ್ಕವನ್ನು 16 ವರ್ಷ ಬರೆದಿಟ್ಟು, 1965ರಲ್ಲಿ ಪ್ರಕಟಿಸಿದರು. ಊರ ವೈದ್ಯನೊಬ್ಬ ದಿನಾ ಬರೆದ ಲೆಕ್ಕದಿಂದ ಇಷ್ಟು ದೊಡ್ಡ ಮಾತು ಹೊರಬಂತು ಅಂತ ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಹುರುಪು ಬರುತ್ತಿತ್ತು.

ಈಗ ತಲೆ-ಬಾಲದ ಮಾತು. ನಾನು ಕ್ಲಾಸಿನಲ್ಲಿ ಒಬ್ಬ ಹುಡುಗನನ್ನು ಎದ್ದು ನಿಲ್ಲಿಸುತ್ತಿದ್ದೆ. ಅವನ ಅಂಗಿಯ ಮೇಲೆ ಬೆನ್ನಿನ ನಡುವಿನಿಂದ ಸೀಮೆಸುಣ್ಣದ ಗೆರೆ ಎಳೆಯುತ್ತ, ಪಕ್ಕೆ ಬಳಸಿ, ಮುಂದೆ ಗುಂಡಿ ಸಾಲಿಗೆ ಬಂದು ನಿಲ್ಲಿಸುತ್ತಿದ್ದೆ. ಒಂದು ನರದ ಹೊಲ ಇಷ್ಟೇ. ಬೆನ್ನುಹುರಿಯಿಂದ ಹೊರಡುವ ನರಗಳು 31 ಜೊತೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಗುಂಡಿ ಸಾಲು ದಾಟಿ ಆಚೆ ಹೋಗುವುದಿಲ್ಲ. ಹಾಗಾಗಿ ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತದೆ. ಮಂತ್ರ ಹಾಕಿಸಿದವರಲ್ಲೂ ಅಲ್ಲಿಗೇ, ಹಾಕಿಸದವರಲ್ಲೂ ಅಲ್ಲಿಗೇ. ಹುಬ್ಬಳ್ಳಿಯ ಚರ್ಮದ ಡಾಕ್ಟರನ್ನು ಕೇಳಿ, ಲಂಡನ್ನಿನ ಡಾಕ್ಟರನ್ನು ಕೇಳಿ, ಇದನ್ನೇ ಹೇಳುತ್ತಾರೆ. ಲಂಡನ್ನಿನಲ್ಲಿ ಕೆಮ್ಮಣ್ಣು ಹಚ್ಚುವವರು ಯಾರೂ ಇಲ್ಲ, ಅಲ್ಲಿನವರ ಸುತ್ತೂ ಅರ್ಧಕ್ಕೇ ನಿಲ್ಲುತ್ತದೆ.

ಯೋಚಿಸಿ ನೋಡಿ. "ಸುತ್ತು ಕೂಡದಂಗ ತಡೀತೀನಿ" ಅಂದವರ ಮಾತು ಎಂದಾದರೂ ಸುಳ್ಳಾಗಲು ಸಾಧ್ಯವಾ? ಕೂಡದೇ ಇರುವುದು ಮೈಯ ಕಟ್ಟಿನಲ್ಲೇ ಇದೆ. ಸೂರ್ಯ ಹುಟ್ಟಿಸುತ್ತೇನೆ ಅಂತ ಬೆಳಗಿನ ಜಾವ ಐದಕ್ಕೆ ಎದ್ದು ಕೂತರೆ ಯಾರೂ ಸೋಲುವುದಿಲ್ಲ. ಎರಡೂ ಕಡೆ ಏಳುವುದು ತೀರಾ ಅಪರೂಪ. ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಳ್ಳುವವರಲ್ಲಿ, ಎಚ್‌ಐವಿ ಇರುವವರಲ್ಲಿ ಕೆಲವೊಮ್ಮೆ ಗುಳ್ಳೆ ಮೈತುಂಬ ಹರಡಬಹುದು, ಜೀವಕ್ಕೆ ಅಪಾಯವೂ ಆಗಬಹುದು. ಅಲ್ಲಿ ಅಪಾಯ ಬರುವುದು ಮೈಯ ಶಕ್ತಿ ಕುಗ್ಗಿರುವುದರಿಂದ. ತಲೆ-ಬಾಲ ಕೂಡುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗುಳ್ಳೆ ಒಣಗಿದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳರಿಂದ ಹತ್ತು ದಿನಕ್ಕೆ ಹಕ್ಕಳೆ ಕಟ್ಟಿ, ಎರಡರಿಂದ ನಾಲ್ಕು ವಾರಕ್ಕೆ ಮಾಯುವುದು ಈ ಕಾಯಿಲೆಯ ಗುಣ.

ಉಳಿದದ್ದು ಆ ರಾತ್ರಿಯ ಉರಿ. ಅದು ಕಡಿಮೆಯಾದದ್ದು ನಿಜ. ನಿಮ್ಮ ಅತ್ತೆಯವರು ಸುಳ್ಳು ಹೇಳಿಲ್ಲ, ಅವರಿಗೆ ಸುಮ್ನೆ ಹಾಗನಿಸಿದ್ದೂ ಅಲ್ಲ. ಹಸಿ ಮಣ್ಣು ತಂಪು, ಅದೊಂದು. ಇನ್ನೊಂದು, "ಏನೂ ಆಗಂಗಿಲ್ಲವ್ವಾ, ನಾ ಅದೀನಿ" ಅಂತ ಹಿರಿಯರೊಬ್ಬರು ತಲೆ ಮೇಲೆ ಕೈ ಇಟ್ಟರೆ ಮಿದುಳು ತನ್ನದೇ ನೋವಿನ ಔಷಧಿ ಬಿಡುತ್ತದೆ. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. 1978ರಲ್ಲಿ ಅಮೆರಿಕದಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು, ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧಿಯೇ ಇಲ್ಲದ ಇಂಜೆಕ್ಷನ್ ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಆಮೇಲೆ ಅವರಿಗೆ ನಾಲೊಕ್ಸೋನ್ ಕೊಟ್ಟರು. ಅದು ಮಾರ್ಫಿನ್ ಎಂಬ ಬಲವಾದ ನೋವುನಿವಾರಕದ ಕೆಲಸವನ್ನು ತಡೆಯುವ ಔಷಧಿ. ಇಳಿದ ನೋವು ಮತ್ತೆ ಏರಿತು. ಅಂದರೆ ಮಾರ್ಫಿನ್ ಥರದ್ದೇನನ್ನೋ ಅವರ ಮೈಯೇ ಮಾಡಿಕೊಂಡಿತ್ತು. ಭರವಸೆಗೆ ನೋವು ಇಳಿಸುವ ಶಕ್ತಿ ಇದೆ, ನಾನು ಒಪ್ಪುತ್ತೇನೆ. ವೈರಸ್ಸನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಈ ಕಾಯಿಲೆಗೆ ಎಸೈಕ್ಲೋವಿರ್ ಥರದ ಗುಳಿಗೆಗಳಿವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಮೂರೇ ದಿನ. ಮಂತ್ರ ಹಾಕಿಸಿ "ಆರಾಮ ಆತು" ಅಂತ ಮನೆಯಲ್ಲಿ ಕೂತಿರುವುದೂ ಅದೇ ಮೂರು ದಿನ.

ನಮ್ಮ ಅವ್ವನಿಗೆ ಆದದ್ದು ಹೀಗೇ. ಆಗ ಅವಳಿಗೆ 68. ನಾನು ಪರೀಕ್ಷೆ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದೆ. ಬಲ ಪಕ್ಕೆಗೆ ಗುಳ್ಳೆ ಎದ್ದಿದ್ದೇ ತಡ, ಮನೆಯವರು ಮಂತ್ರ ಹಾಕಿಸಿಕೊಂಡು ಬಂದರು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳಂತೆ. ಆರನೇ ದಿನ ನಾನು ಬಂದು ನೋಡಿದಾಗ ಒಣಗಿದ ಮಣ್ಣಿನ ಕೆಳಗೆ ಕೀವು ತುಂಬಿತ್ತು. ಹುಬ್ಬಳ್ಳಿಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಗುಳ್ಳೆ ಎದ್ದು ಎಷ್ಟು ದಿನ ಆಯ್ತು?" ಉತ್ತರ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಗಾಯ ಮಾಯಿತು, ನೋವು ಹೋಗಲಿಲ್ಲ. ಎರಡು ವರ್ಷ ಅವ್ವ ಇಳಕಲ್ ಸೀರೆಯ ಸೆರಗನ್ನು ಬಲ ಪಕ್ಕೆಗೆ ತಾಗದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಓಡಾಡಿದಳು. ಮಲಗುವಾಗ ಕೌದಿ ಮೈಗೆ ತಾಗದಿರಲಿ ಅಂತ ಪಕ್ಕದಲ್ಲಿ ರೊಟ್ಟಿ ಬುಟ್ಟಿ ಬೋರಲು ಇಟ್ಟುಕೊಳ್ಳುತ್ತಿದ್ದಳು. ಮೊದಲ ದಿನವೇ ಗುಳಿಗೆ ಕೊಡಿಸಿದ್ದರೆ ನೋವು ಖಂಡಿತ ಉಳಿಯುತ್ತಿರಲಿಲ್ಲ ಅಂತ ಯಾರೂ ಹೇಳಲಾರರು. ಕಾಯಿಲೆಯ ಕಾವಾದರೂ ಕಡಿಮೆ ಇರುತ್ತಿತ್ತು.

ನೀವು ಕೇಳಿಲ್ಲ, ಆದರೂ ಪಥ್ಯದ ಬಗ್ಗೆ ಒಂದು ಮಾತು. ಮಂತ್ರ ಹಾಕಿದವರು ಒಗ್ಗರಣೆ ಬೇಡ, ಬದನೆಕಾಯಿ ಬೇಡ, ಸ್ನಾನ ಬೇಡ ಅಂತ ಹೇಳಿ ಕಳಿಸುತ್ತಾರೆ. ವಾಸಿಯಾದರೆ ಮಂತ್ರದಿಂದ, ಆಗದಿದ್ದರೆ ಪಥ್ಯ ಮುರಿದದ್ದರಿಂದ. ಈ ಲೆಕ್ಕದಲ್ಲಿ ತಪ್ಪು ಯಾವಾಗಲೂ ರೋಗಿಯದೇ, ಇಲ್ಲವೇ ಅಡುಗೆ ಮಾಡಿದ ಸೊಸೆಯದು. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದ್ದಕ್ಕೇ ನೋವು ಉಳಿಯಿತು ಅಂತ ನನ್ನ ಹೆಂಡತಿ ವರ್ಷಗಟ್ಟಲೆ ಮಾತು ಕೇಳಿದ್ದಾಳೆ. ಯಾವ ಊಟಕ್ಕೂ ಈ ವೈರಸ್ಸಿಗೂ ಸಂಬಂಧವಿಲ್ಲ. ಸ್ನಾನ ಮಾಡಬಹುದು, ಮಾಡಬೇಕು. ಗಾಯ ಶುದ್ಧವಾಗಿದ್ದಷ್ಟೂ ಒಳ್ಳೆಯದು.

ನಿಜವಾಗಿ ಪಾಲಿಸಬೇಕಾದ ಪಥ್ಯ ಬೇರೆಯೇ ಇದೆ. ಹಸಿ ಗುಳ್ಳೆಯ ನೀರು ತಾಗಿದರೆ, ಅಮ್ಮ ಬಾರದ ಮಕ್ಕಳಿಗೆ ಅಮ್ಮ ಬರಬಹುದು. ಬಸುರಿಯರಿಗೆ, ಎಳೆಗೂಸಿಗೆ ಅದು ಅಪಾಯ. ಹಕ್ಕಳೆ ಕಟ್ಟುವ ತನಕ ಗುಳ್ಳೆಯ ಮೇಲೆ ಬಟ್ಟೆ ಇರಲಿ, ಕೂಸುಗಳನ್ನು ಪಕ್ಕದಲ್ಲಿ ಮಲಗಿಸುವುದು ಬೇಡ. ಅವ್ವನನ್ನು ಕರೆದೊಯ್ದಿದ್ದ ಜಾಗಕ್ಕೆ ಆಮೇಲೆ ನಾನೂ ಒಂದು ಅಮಾವಾಸ್ಯೆ ದಿನ ಹೋಗಿ ನೋಡಿದೆ. ಕಟ್ಟೆ ಮೇಲೆ ಕೂಸು ಎತ್ತಿಕೊಂಡವರೂ ಸಾಲಾಗಿ ಕೂತಿದ್ದರು. ಒಂದೇ ಬಟ್ಟಲಿನ ಕೆಮ್ಮಣ್ಣು, ಒಂದೇ ಬೆರಳು, ಒಬ್ಬರಾದ ಮೇಲೆ ಒಬ್ಬರಿಗೆ.

ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣಿಗೇ ಪೆಟ್ಟು ಬೀಳಬಹುದು. ಐವತ್ತು ದಾಟಿದವರಿಗೆ ಇದಕ್ಕೊಂದು ಲಸಿಕೆಯೂ ಇದೆ, ಎರಡು ಡೋಸು. ನಮ್ಮ ದೇಶದಲ್ಲಿ 2023ರಿಂದ ಸಿಗುತ್ತಿದೆ. ಬೆಲೆ ಜಾಸ್ತಿ.

ನಿಮ್ಮ ಅತ್ತೆಯವರಿಗೆ ಈಗಲೂ ಆ ಜಾಗದಲ್ಲಿ ಉರಿ, ಚುಚ್ಚು ಇದೆಯಾ? ಒಮ್ಮೆ ಕೇಳಿ ನೋಡಿ. ವಯಸ್ಸಾದವರು ತಾವಾಗಿ ಹೇಳುವುದಿಲ್ಲ. ಇದ್ದರೆ ಮೆಡಿಕಲ್ ಶಾಪಿನ ಮಾಮೂಲಿ ನೋವಿನ ಗುಳಿಗೆ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ನರದ ನೋವಿಗೆ ಬೇರೆ ಗುಳಿಗೆಗಳಿವೆ, ಡಾಕ್ಟರೇ ಬರೆದುಕೊಡಬೇಕು. ಅದಕ್ಕೆ ಮೂರು ದಿನದ ಗಡುವಿಲ್ಲ, ಈಗಲೂ ಕರೆದುಕೊಂಡು ಹೋಗಬಹುದು.