ಬೋರ್ ನೀರು ಡಿಎನ್‌ಎಗೆ ಪೆಟ್ಟು ಕೊಡುತ್ತದೆಯೇ? ಕರೆಂಟ್ ಹೇಗೆ ಹೇಳುತ್ತದೆ?

ಪ್ರಶ್ನೆ: ನಮ್ಮ ಸುರಪುರ ಕಡೆ ಬೋರ್ ನೀರಿನಾಗ ಆರ್ಸೆನಿಕ್ ಅದ ಅಂತಾರ. ಇಂಥಾ ವಿಷ ಡಿಎನ್‌ಎ ಕೆಡಸ್ತದೋ ಇಲ್ಲೋ ಅಂತ ಕರೆಂಟ್ ಹಾಯಿಸಿ ನೋಡ್ತಾರಂತ. ಅದು ಹ್ಯಾಂಗ್ರೀ?

ಕರೆಂಟ್ ಹಾಯಿಸುವುದು ನಮ್ಮ ಮೈಗಲ್ಲ, ಹೆದರಬೇಡಿ. ಒಂದು ಕಡ್ಡಿಗೆ ಅಂಟಿಸಿದ ಡಿಎನ್‌ಎಗೆ. ಅದು ಹೆಚ್ಚಾಗಿ ಕರುವಿನ ಥೈಮಸ್ ಗ್ರಂಥಿಯಿಂದಲೋ ಸಾಲ್ಮನ್ ಮೀನಿನಿಂದಲೋ ತೆಗೆದು ಲ್ಯಾಬ್‌ಗಳಿಗೆ ಮಾರುವ ಡಿಎನ್‌ಎ. ಕಡ್ಡಿಯ ಕಥೆ ಇನ್ನೂ ಮಜವಾಗಿದೆ. ಮಕ್ಕಳು ಟಕ್ ಟಕ್ ಅಂತ ಒತ್ತಿ ಬರೆಯುವ ಪೆನ್ಸಿಲ್ ಇರುತ್ತದಲ್ಲ, ಅದರೊಳಗಿನ 0.5 ಮಿ.ಮೀ. ಗ್ರಾಫೈಟ್ ಕಡ್ಡಿಯೇ ಎಷ್ಟೋ ಲ್ಯಾಬ್‌ಗಳಲ್ಲಿ ಎಲೆಕ್ಟ್ರೋಡ್. ಕಲಬುರಗಿಯ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತದೆ.

ಡಿಎನ್‌ಎಯಲ್ಲಿ ನಾಲ್ಕು ಅಕ್ಷರಗಳು: ಎ, ಟಿ, ಜಿ, ಸಿ. ನಾಲ್ವರಲ್ಲಿ ಜಿ, ಅಂದರೆ ಗ್ವಾನಿನ್, ಕೈ ಸಡಿಲ. ಎಲೆಕ್ಟ್ರಾನನ್ನು ಎಲ್ಲರಿಗಿಂತ ಬೇಗ ಬಿಟ್ಟುಕೊಡುತ್ತದೆ. ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ ಹೋದರೆ 1 ವೋಲ್ಟ್ ಆಸುಪಾಸಿನಲ್ಲಿ ಕರೆಂಟ್ ಒಮ್ಮೆ ಜಿಗಿದು ಇಳಿಯುತ್ತದೆ. ಪರದೆಯ ಮೇಲೆ ಒಂದು ಗುಡ್ಡ ಮೂಡಿದಂತೆ ಕಾಣುತ್ತದೆ. ಅದು ಗ್ವಾನಿನ್‌ನ ಗುಡ್ಡ.

ಈಗ ಕಡ್ಡಿಯನ್ನು ಅನುಮಾನದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ತೊಳೆದು, ಮತ್ತೆ ಅಳೆಯುತ್ತಾರೆ. ಗುಡ್ಡ ಕುಗ್ಗಿದರೆ, ನೀರಿನಲ್ಲಿದ್ದ ಏನೋ ಒಂದು ಗ್ವಾನಿನ್‌ಗೆ ಅಂಟಿಕೊಂಡಿದೆ ಅಥವಾ ಅದನ್ನು ಕೆಡಿಸಿದೆ. ಕೆಲವೊಮ್ಮೆ ಅರ್ಧ ವೋಲ್ಟ್ ಹತ್ತಿರ ಇನ್ನೊಂದು ಪುಟ್ಟ ದಿಬ್ಬ ಏಳುತ್ತದೆ. ಅದು ತುಕ್ಕು ಹಿಡಿದ ಗ್ವಾನಿನ್, ಹೆಸರು 8-ಆಕ್ಸೋಗ್ವಾನಿನ್. ನನಗೆ ಇದರಲ್ಲಿ ಇಷ್ಟವಾಗುವ ಮಾತು ಒಂದೇ: ಅಳೆಯಲು ಸುಲಭವಾಗಿಸುವ ಆ ಸಡಿಲ ಕೈಯೇ ಗ್ವಾನಿನ್‌ಗೆ ಮೊದಲು ಪೆಟ್ಟು ಬೀಳಲೂ ಕಾರಣ.

ಡಿಎನ್‌ಎ ಹೀಗೆ ಕರೆಂಟಿಗೆ ಓಗೊಡುತ್ತದೆ ಎಂದು ಮೊದಲು ತೋರಿಸಿದವರು ಆಗಿನ ಚೆಕೊಸ್ಲೊವಾಕಿಯಾದ ಬ್ರನೋ ನಗರದ ವಿಜ್ಞಾನಿ ಎಮಿಲ್ ಪಾಲೆಚೆಕ್. 1960ರಲ್ಲಿ ಪ್ರಕಟಿಸಿದರು. ಆಗ ಕಡ್ಡಿಯಲ್ಲ, ಪಾದರಸದ ಹನಿ.

ಹಾಗಾದರೆ ನಿಮ್ಮ ಬೋರ್ ನೀರಿಗೆ ಇದನ್ನೇ ಮಾಡಿಸಿದರೆ ಸಾಕಲ್ವಾ? ಸಾಲದು. ನಮ್ಮ ಕಡೆಯ ಸವಳು ನೀರಿನ ಉಪ್ಪೇ ಡಿಎನ್‌ಎ ಕಡ್ಡಿಗೆ ಕೂರುವ ರೀತಿಯನ್ನು ಬದಲಿಸಿಬಿಡುತ್ತದೆ. ಒಂದಿಷ್ಟು ಡಿಎನ್‌ಎ ತೊಳೆದು ಹೋದರೂ ಗುಡ್ಡ ಕುಗ್ಗುತ್ತದೆ. ಅದಕ್ಕೇ ಅಷ್ಟೇ ಉಪ್ಪಿರುವ ಶುದ್ಧ ನೀರಿನಲ್ಲಿ ಇನ್ನೊಂದು ಕಡ್ಡಿ ಅದ್ದಿ ಹೋಲಿಸಲೇಬೇಕು.

ಇನ್ನೂ ದೊಡ್ಡ ತೊಡಕು ಆರ್ಸೆನಿಕ್‌ನದೇ. ಅದು ಮೈಯೊಳಗೆ ನೇರವಾಗಿ ಡಿಎನ್‌ಎಗೆ ಅಂಟುವುದಕ್ಕಿಂತ ಜಾಸ್ತಿ, ಸುತ್ತುಬಳಸಿ ಕೆಡಿಸುತ್ತದೆ. ಚುರುಕು ಆಕ್ಸಿಜನ್ ಕಣಗಳನ್ನು ಎಬ್ಬಿಸುತ್ತದೆ, ಜೊತೆಗೆ ಹರಿದದ್ದನ್ನು ಹೊಲಿಯುವ ಜೀವಕೋಶದ ರಿಪೇರಿ ಕೆಲಸವನ್ನೇ ತಡೆಯುತ್ತದೆ. ಪೆನ್ಸಿಲ್ ಕಡ್ಡಿಯ ಮೇಲೆ ಜೀವಕೋಶವೂ ಇಲ್ಲ, ರಿಪೇರಿಯವನೂ ಇಲ್ಲ. ಹಾಗಾಗಿ ಗುಡ್ಡ ಕುಗ್ಗಲಿಲ್ಲ ಅಂದಮಾತ್ರಕ್ಕೆ ನೀರು ಒಳ್ಳೆಯದು ಅನ್ನಲಾಗದು. ಬೇರೆ ಬೇರೆ ವಿಷ ಬೆರೆತ ಕೈಗಾರಿಕೆಯ ಕೊಳಚೆ ನೀರನ್ನು ಬೇಗ ಜರಡಿ ಹಿಡಿಯಲು ಈ ವಿಧಾನ ಚೆನ್ನ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಬೋರ್‌ಗಳಲ್ಲಿ ಆರ್ಸೆನಿಕ್ ಸಿಕ್ಕಿದ್ದು ನಿಜ. ನಿಮ್ಮ ಬೋರ್‌ಗೆ ಮೊದಲು ಬೇಕಾದದ್ದು ನೇರ ಆರ್ಸೆನಿಕ್ ಪರೀಕ್ಷೆ. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಕುಡಿಯಲು, ಅಡುಗೆಗೆ ಬೇಡ. ಕುದಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ.