ಸಂಪಾಜೆಯ ಹನಿ, ಕಾಸರಗೋಡಿನ ನಲ್ಲಿ

ಇಂಟರ್ನೆಟ್ಟಿನಲ್ಲಿ 'ರಿವರ್ ರನ್ನರ್' ಅಂತ ಒಂದು ತಾಣವಿದೆ. 2021ರಲ್ಲಿ ಶುರುವಾದಾಗ ಅಮೆರಿಕಕ್ಕೆ ಮಾತ್ರ ಇತ್ತು, ಆಮೇಲೆ ಜಗತ್ತಿಗೆಲ್ಲ ಹಬ್ಬಿತು. ನಕ್ಷೆಯ ಮೇಲೆ ಎಲ್ಲಾದರೂ ಒತ್ತಿದರೆ ಅಲ್ಲೊಂದು ಮಳೆಹನಿ ಬೀಳುತ್ತದೆ. ಅದರ ಬೆನ್ನು ಹಿಡಿದು ತೋಡು, ಹೊಳೆ ದಾಟುತ್ತಾ ಸಮುದ್ರದವರೆಗೆ ಹಾರಿಕೊಂಡು ಹೋಗಬಹುದು. ಮಕ್ಕಳ ಕೈಗೆ ಕೊಟ್ಟರೆ ಸುಲಭದಲ್ಲಿ ಬಿಡುವುದಿಲ್ಲ.

ಕೊಡಗಿನ ಅಂಚಿನ ಸಂಪಾಜೆಯಲ್ಲಿ ಬಿದ್ದ ಹನಿಯ ದಾರಿ ಇಲ್ಲಿಯವರಿಗೆ ಗೊತ್ತಿರುವಂಥದ್ದೇ. ಪಯಸ್ವಿನಿಗೆ ಸೇರಿ, ಅರಂತೋಡು, ಸುಳ್ಯ ಕಳೆದು, ಗಡಿಯಲ್ಲಿ ಯಾರಿಗೂ ಚೀಟಿ ತೋರಿಸದೆ ಕೇರಳಕ್ಕೆ ಬರುತ್ತದೆ. ಇಲ್ಲಿಂದ ಚಂದ್ರಗಿರಿ ಹೊಳೆಯಾಗಿ ಕೋಟೆಯ ಬುಡದಲ್ಲೇ ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಕೊಡಗಿನ ಘಟ್ಟದಿಂದ ಲೆಕ್ಕ ಹಾಕಿದರೆ ಒಟ್ಟು 105 ಕಿಲೋಮೀಟರ್. ಕಾಸರಗೋಡು ಪೇಟೆಯ ನಲ್ಲಿ ನೀರನ್ನು ಎತ್ತುವುದು ಈ ಹೊಳೆಯಿಂದಲೇ, ಬಾವಿಕ್ಕರೆಯಲ್ಲಿ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಹರಿವು ಸೊರಗಿದಾಗ ಸಮುದ್ರದ ನೀರು ಹೊಳೆಯೊಳಗೆ ಏರಿ ಬರುತ್ತದೆ. ಎಷ್ಟೋ ವರ್ಷ ಪೇಟೆಯವರ ಬೇಸಿಗೆಯ ಚಹಾಕ್ಕೆ ಉಪ್ಪಿನ ರುಚಿ ಇರುತ್ತಿತ್ತು. ಈಗ ಅಲ್ಲಿ ಉಪ್ಪುನೀರು ಏರದಂತೆ ತಡೆಯುವ ರೆಗ್ಯುಲೇಟರ್ ಕಟ್ಟಿದ್ದಾರೆ. ಆದರೂ ಸುಳ್ಯದಲ್ಲಿ ಹೊಳೆಗೆ ಪಂಪು ಇಳಿಸುವವರಿಗೆ ಈ ಚಹಾದ ಸಂಗತಿ ತಿಳಿಯುವುದಾದರೂ ಹೇಗೆ?

ಜಲಾನಯನ ಎಂಬ ದೊಡ್ಡ ಮಾತಿಗೆ ಇರುವ ಅರ್ಥ ಇಷ್ಟೇ. ಯಾವೆಲ್ಲ ಜಾಗದ ಮಳೆ ಕೊನೆಗೆ ಒಂದೇ ಕಡೆ ಬಂದು ಕೂಡುತ್ತದೋ ಆ ಅಷ್ಟೂ ಜಾಗ ಒಂದು ಜಲಾನಯನ. ಮೇಲೆ ಏನು ನಡೆದರೂ ಅದು ಕೆಳಗೆ ಬರುತ್ತದೆ. ಎಣ್ಮಕಜೆ, ಪಡ್ರೆಯ ಕಡೆಯವರಿಗೆ ಇದನ್ನು ನಕ್ಷೆ ಇಟ್ಟು ಕಲಿಸಬೇಕಾಗಿಲ್ಲ. ಗುಡ್ಡೆಯ ಮೇಲಿನ ಗೇರು ತೋಟಗಳಿಗೆ ಎರಡು ದಶಕಕ್ಕಿಂತ ಜಾಸ್ತಿ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ನೀರಿಗಾಗಿ ಗುಡ್ಡೆ ಕೊರೆದು ಮಾಡಿದ ಸುರಂಗಕ್ಕೂ ತೋಡಿಗೂ ನೀರು ಇಳಿಯುವುದು ಅದೇ ಗುಡ್ಡೆಗಳಿಂದ.

ಕೇರಳದ 44 ಹೊಳೆಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿವೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹಾಗಾಗಿ ಒಂದು ಎಕರೆಗೆ ವರ್ಷಕ್ಕೆ 1.4 ಕೋಟಿ ಲೀಟರ್. ಇಷ್ಟಿದ್ದೂ ಕೇಂದ್ರ ಅಂತರ್ಜಲ ಮಂಡಳಿ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕನ್ನು 'ಕ್ರಿಟಿಕಲ್' ಪಟ್ಟಿಗೆ ಸೇರಿಸಿತು. ನಮ್ಮ ಮುರಕಲ್ಲಿನ ನೆಲ ಜರಡಿಯ ಹಾಗೆ. ಮಳೆಯನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ಅಷ್ಟೇ ಬೇಗ ಪಕ್ಕದ ತೋಡಿಗೆ ಬಿಟ್ಟುಕೊಡುತ್ತದೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಮಾರ್ಚಿಗೆ ಬಾವಿಯ ತಳ ಕಾಣುತ್ತದೆ, ಏಪ್ರಿಲಿಗೆ ಟ್ಯಾಂಕರ್ ಬರುತ್ತದೆ.

ಹಾಗಾದರೆ ನಕ್ಷೆ ತೆರೆದು ಎಲ್ಲರಿಗೂ ತೋರಿಸಿದರೆ ಆಯಿತಲ್ಲ? ಅಲ್ಲೇ ಒಂದು ತೊಡಕಿದೆ.

ಇಂಥ ಎಷ್ಟೋ ನಕ್ಷೆಗಳ ಬೇರು ಇರುವುದು 2000ದ ಫೆಬ್ರವರಿಯಲ್ಲಿ ನಡೆದ ಒಂದು ಅಳತೆಯಲ್ಲಿ. ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರ್ ಅಲೆ ಕಳಿಸಿ, ಭೂಮಿಯ ಹೆಚ್ಚಿನ ಭಾಗದ ಎತ್ತರ ತಗ್ಗುಗಳನ್ನು ಅಳೆಯಿತು. ನೆಲವನ್ನು 30 ಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದು ಎತ್ತರ ಬರೆದಿಟ್ಟರು. ನೀರು ತನ್ನ ಸುತ್ತಲಿನ ಚೌಕಗಳಲ್ಲಿ ಎಲ್ಲಕ್ಕಿಂತ ತಗ್ಗಿನದಕ್ಕೆ ಇಳಿಯುತ್ತದೆ ಎಂಬ ಒಂದೇ ನಿಯಮ ಹಿಡಿದು ಕಂಪ್ಯೂಟರು ಹೊಳೆಗಳನ್ನು ಎಳೆಯುತ್ತದೆ. ಅಮೆಜಾನಿಗೋ ಗಂಗೆಗೋ ಇದು ಸಾಕು. ನಮ್ಮ ತೋಡಿನ ಅಗಲ ಎರಡು ಮೀಟರ್. ಅದರ ಎರಡೂ ಬದಿಗೆ ಹತ್ತು ಹನ್ನೆರಡು ಮೀಟರ್ ಎತ್ತರದ ಅಡಿಕೆ ಮರಗಳು. ಆ ರೇಡಾರಿನ ಅಲೆ ದಟ್ಟ ಸೊಪ್ಪನ್ನು ಪೂರ್ತಿ ತೂರಿ ನೆಲ ಮುಟ್ಟುವುದಿಲ್ಲ, ಒಂದಷ್ಟು ಪಾಲು ಮರದ ತಲೆಯಿಂದಲೇ ಹಿಂದೆ ತಿರುಗುತ್ತದೆ. ಹೀಗಾಗಿ ಬೈಲಿನ ತೋಟ ಅಸಲಿಗಿಂತ ಎತ್ತರದಲ್ಲಿ ಇರುವಂತೆ ಲೆಕ್ಕಕ್ಕೆ ಬಂದು, ತೋಡು ಎಲ್ಲೋ ಪಕ್ಕದ ಬೋಳು ಜಾಗದಲ್ಲಿ ಹರಿದಂತೆ ಕಾಣುವ ಸಾಧ್ಯತೆ ಇದೆ. ಇನ್ನು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗವಂತೂ ಯಾವ ಉಪಗ್ರಹಕ್ಕೂ ಕಾಣುವ ವಸ್ತುವಲ್ಲ. ಪದವಿನ (ಗುಡ್ಡೆಯ ತಲೆಯ ಬಯಲಿನ) ಮೇಲೆ ನೀರು ನಿಲ್ಲುವ ಪಳ್ಳ ಮಳೆಗಾಲದಲ್ಲಿ ಇರುತ್ತದೆ, ಬೇಸಿಗೆಯಲ್ಲಿ ಇರುವುದಿಲ್ಲ. ಚಿತ್ರ ತೆಗೆದ ತಿಂಗಳು ಯಾವುದು ಎಂಬುದರ ಮೇಲೆ ಅದರ ಇರವು ನಿಂತಿದೆ!

ಇದನ್ನು ತಿದ್ದಲು ಊರಿನವರೇ ಬೇಕು. ಯಾರು ಬೇಕಾದರೂ ಬರೆಯಬಹುದಾದ ಓಪನ್ ಸ್ಟ್ರೀಟ್ ಮ್ಯಾಪ್ 2004ರಿಂದ ಇದೆ. ಕೇರಳದಲ್ಲಿ 'ಮ್ಯಾಪಥಾನ್' ಹೆಸರಿನಲ್ಲಿ ಪಶ್ಚಿಮ ಘಟ್ಟದ ಸಣ್ಣ ನೀರ್ಚಾಲುಗಳನ್ನು ಅದರಲ್ಲಿ ಗುರುತಿಸುವ ಕೆಲಸವನ್ನು ಅಲ್ಲಿನ ಸರ್ಕಾರದ ಹರಿತ ಕೇರಳಂ ಮಿಷನ್ ಕೈಗೆತ್ತಿಕೊಂಡಿತ್ತು. ಒಳ್ಳೆಯ ಕೆಲಸ. ಆದರೆ ಗೆರೆ ಎಳೆದು ಹೆಸರು ಬರೆದರೆ ಮುಗಿಯುವುದಿಲ್ಲ. ತೋಡು ಯಾವಾಗ ಹರಿಯುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮುಖ್ಯ ಸಂಗತಿ, ಅಲ್ವಾ?

ಅದಕ್ಕೆ ಮೊದಲು ಇನ್ನೊಂದು ಬಗೆಯ ತಾಣದ ಮಾತು. ಪೆನ್ಸಿಲ್ವೇನಿಯಾದ ಸ್ಟ್ರೌಡ್ ಜಲ ಸಂಶೋಧನಾ ಕೇಂದ್ರದವರದ್ದು 'ಮಾಡೆಲ್ ಮೈ ವಾಟರ್‌ಶೆಡ್' ಅಂತ ಒಂದಿದೆ. ಅದರಲ್ಲಿ ಅಮೆರಿಕದ ಯಾವುದಾದರೂ ಊರಿನ ಕಾಡನ್ನು ಪರದೆಯ ಮೇಲೆ ಕಡಿಯಬಹುದು, ಗದ್ದೆಯನ್ನು ಕಾಂಕ್ರೀಟು ಮಾಡಬಹುದು. ಎಷ್ಟು ಮಳೆ ಇಂಗಿತು, ಎಷ್ಟು ಓಡಿಹೋಯಿತು ಎಂದು ಕೂಡಲೇ ತೋರಿಸುತ್ತದೆ. ಒಳಗಿರುವ ಲೆಕ್ಕ 1950ರ ದಶಕದ್ದು, ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯ 'ಕರ್ವ್ ನಂಬರ್' ವಿಧಾನ. ಪ್ರತಿ ನೆಲಕ್ಕೂ ನೂರರೊಳಗೆ ಒಂದು ಅಂಕಿ. ಅಂಕಿ ಜಾಸ್ತಿಯಾದಷ್ಟೂ ನೀರು ಓಡುವುದು ಜಾಸ್ತಿ. ನೀರು ಚೆನ್ನಾಗಿ ಇಂಗುವ ಕಾಡಿಗೆ 60 ಎಂದಿಟ್ಟುಕೊಂಡರೆ 100 ಮಿ.ಮೀ. ಮಳೆಯಲ್ಲಿ ಓಡಿಹೋಗುವುದು ಸುಮಾರು 19 ಮಿ.ಮೀ. ಕಾಂಕ್ರೀಟಿಗೆ 98, ಅಲ್ಲಿ ಓಡುವುದು 94 ಮಿ.ಮೀ. ಒಂದು ಎಕರೆಗೆ ಲೀಟರಿನಲ್ಲಿ ಹೇಳಿದರೆ 75 ಸಾವಿರ ಎಲ್ಲಿ, 3.8 ಲಕ್ಷ ಎಲ್ಲಿ! ಪದವಿನ ಮೇಲೆ ಜೆಸಿಬಿ ಓಡಿಸಿ ಮಟ್ಟ ಮಾಡುವವರು ಇದನ್ನು ಒಮ್ಮೆ ಆಡಿ ನೋಡಬೇಕು.

ಅಂಕಿಗಳನ್ನು ಹಾಗೇ ನಂಬಲೂ ಬಾರದು. ಅವು ಅಮೆರಿಕದ ಹೊಲಗಳಲ್ಲಿ ಹುಟ್ಟಿದವು. ನಮ್ಮ ಕೆಂಪುಕಲ್ಲಿನ ಇಳಿಜಾರು ಬೇರೆ, ಜುಲೈ ತಿಂಗಳ ಬಿಡದ ಮಳೆ ಬೇರೆ. ಅಲ್ಲದೆ ಆ ತಾಣ ಹೇಳುವುದು ನೀರು ಓಡಿದ್ದನ್ನು. ನಮ್ಮ ಕೃಷಿಕರು ಕೇಳುವುದು 'ಏಪ್ರಿಲಿನಲ್ಲಿ ನನ್ನ ಬಾವಿಯಲ್ಲಿ ನೀರು ಇರುತ್ತದಾ' ಅಂತ. ಅದಕ್ಕೆ ಉತ್ತರ ಬೇಕಿದ್ದರೆ ಬಾವಿಯ ಮಟ್ಟ ಗೊತ್ತಿರಬೇಕು. ಅದನ್ನು ಬಲ್ಲವರು ಬಾವಿಯ ಯಜಮಾನರು ಮಾತ್ರ.

ಹಾಗಾಗಿ ಕಾಸರಗೋಡಿಗೆ ಬೇಕಾದ ತಾಣ ತೋರಿಸುವುದಕ್ಕಿಂತ ಜಾಸ್ತಿ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಅದೂ ದೊಡ್ಡ ಉಪಕರಣ ಬೇಕಾದ ಪ್ರಶ್ನೆಗಳನ್ನಲ್ಲ. ನಿಮ್ಮ ಜಾಗದ ಪಕ್ಕದ ತೋಡು ಹರಿಯುವುದು ನಿಂತ ದಿನ ಯಾವುದು? ತಿಂಗಳ ಮೊದಲ ದಿನ ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಅಡಿ? ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ಗೊತ್ತಾಗುತ್ತದೆ. ಕಟ್ಟ ಹಾಕಿದ್ದು ಯಾವಾಗ?

ಕಟ್ಟದ ಬಗ್ಗೆ ಹೊರಗಿನವರಿಗೆ ಒಂದು ಮಾತು. ಮಳೆ ಕಳೆದು ಹರಿವು ತಗ್ಗಿದ ಮೇಲೆ, ಡಿಸೆಂಬರಿನ ಹೊತ್ತಿಗೆ, ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು ಪೇರಿಸಿ ನೀರು ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ, ಇಲ್ಲದಿದ್ದರೆ ನೆರೆಯೇ ಒಯ್ಯುತ್ತದೆ. ಏತಡ್ಕದಲ್ಲಿ ಒಂದೇ ತೋಡಿಗೆ ಒಂದರ ಕೆಳಗೆ ಒಂದು ಹೀಗೆ ಸಾಲು ಕಟ್ಟಗಳಿವೆ. ನಿಂತ ನೀರು ಎರಡೂ ದಡಕ್ಕೆ ಇಂಗಿ ಸುತ್ತಲಿನ ಬಾವಿಗಳ ಮಟ್ಟ ಎತ್ತುತ್ತದೆ. ಮೇಲಿನವರು ಕಟ್ಟ ಹಾಕಿದ ದಿನ ಕೆಳಗಿನವರಿಗೆ ಗೊತ್ತಿರಬೇಕು, ಇಲ್ಲವಾದರೆ ಜಗಳ. ಅಂದರೆ ಜಲಾನಯನದ ಒಪ್ಪಂದ ಇಲ್ಲಿ ಹಳೆಯದು, ಬಾಯಿಮಾತಿನಲ್ಲೇ ನಡೆದುಕೊಂಡು ಬಂದದ್ದು. ಕಟ್ಟ, ಮದಕ (ಮಳೆನೀರು ಹಿಡಿಯುವ ಕೆರೆ), ಸುರಂಗಗಳ ಬಗ್ಗೆ ವಾಣೀನಗರದ ಜಲ ಪತ್ರಕರ್ತ ಶ್ರೀಪಡ್ರೆ ದಶಕಗಳಿಂದ ಬರೆಯುತ್ತಿದ್ದಾರೆ. ಕಟ್ಟದ ದಿನಾಂಕ ಮತ್ತು ಬಾವಿಯ ಮಟ್ಟ ಎರಡನ್ನೂ ಒಂದೇ ಪರದೆಯಲ್ಲಿ ನಾಲ್ಕಾರು ವರ್ಷ ಕೂಡಿಟ್ಟರೆ, ಕಟ್ಟ ಹದಿನೈದು ದಿನ ತಡವಾದರೆ ಯಾರ ಬಾವಿಗೆ ಏನಾಯಿತು ಎಂಬುದು ಕಾಣತೊಡಗುತ್ತದೆ. ಕೊಳವೆಬಾವಿಗೆ ಕೊಡುವ ದುಡ್ಡನ್ನು ಕಟ್ಟಕ್ಕೆ ಕೊಡಿ ಎಂದು ಭಾಷಣ ಮಾಡುವುದಕ್ಕಿಂತ ಇದು ಮೇಲು.

ಜನ ಬರೆದುಕೊಡುತ್ತಾರಾ ಎಂಬ ಅನುಮಾನ ಬೇಡ. 1997ರ ಜುಲೈಯಲ್ಲಿ ಕೊಲೊರಾಡೋದ ಫೋರ್ಟ್ ಕಾಲಿನ್ಸ್ ಎಂಬ ಊರಿಗೆ ನೆರೆ ಬಂತು. ಊರಿನ ಒಂದು ಅಂಚಿನಲ್ಲಿ 350 ಮಿ.ಮೀ. ದಾಟಿದ ಮಳೆ ಇನ್ನೊಂದು ಅಂಚಿನಲ್ಲಿ 50 ಮಿ.ಮೀ. ಸಹ ಇರಲಿಲ್ಲ. ಸರ್ಕಾರಿ ಮಳೆಮಾಪಕಗಳು ಇಷ್ಟು ವ್ಯತ್ಯಾಸ ಹಿಡಿಯಲಾರವು ಎಂದು ಗೊತ್ತಾಗಿ ಮರುವರ್ಷ ಮನೆಮನೆಯ ಮಳೆಮಾಪಕಗಳ ಜಾಲ ಶುರುವಾಯಿತು. ಕೊಕೊರಾಸ್ ಎಂಬ ಆ ಜಾಲ ಈಗ ಅಮೆರಿಕ ತುಂಬಾ ಇದೆ. ಅಷ್ಟು ದೂರ ಯಾಕೆ, ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಪರಿಸರ ಸಂಸ್ಥೆಯವರು 200ಕ್ಕೂ ಹೆಚ್ಚು ಕಡೆ ಮಳೆ ಅಳೆಸುತ್ತಾರೆ. ಅಳೆಯುವವರಲ್ಲಿ ಕೃಷಿಕರೂ ಇದ್ದಾರೆ. 2024ರ ಜುಲೈ 30ರ ಭೂಕುಸಿತಕ್ಕೆ ಮುಂಚೆ ಇದೇ ಲೆಕ್ಕ ನೋಡಿ ಅವರು ಎಚ್ಚರಿಕೆ ಕೊಟ್ಟಿದ್ದರು. ನಮ್ಮ ಕಡೆಯೂ ವರ್ಷಗಟ್ಟಲೆ ಡೈರಿಯಲ್ಲಿ ಮಳೆ ಬರೆದಿಡುವ ಅಡಿಕೆ ಕೃಷಿಕರಿದ್ದಾರೆ. ಬೀರುವಿನಲ್ಲಿ ಇರುವ ಆ ಡೈರಿಗಳು ಒಂದು ಕಡೆ ಸೇರಬೇಕು, ಅಷ್ಟೇ.

ಕೊಳವೆಬಾವಿಯ ಆಳ ಕೇಳಿದರೆ ಮಾತ್ರ ಮುಖ ಬಿಗಿಯಾಗುತ್ತದೆ. ಅದು ಸಹಜ. ನೆರೆಕರೆಯವರಿಗೆ ತಿಳಿದರೆ ನೂರು ಮಾತು, ಇಲಾಖೆಯವರಿಗೆ ತಿಳಿದರೆ ಇನ್ನೇನೋ ಎಂಬ ಭಯ. ಮನೆ ಗುರುತು ತೋರಿಸದೆ ಒಂದು ವಾರ್ಡಿನ ಸರಾಸರಿಯನ್ನು ಮಾತ್ರ ಎಲ್ಲರಿಗೂ ಕಾಣಿಸಿ, ಅವರವರ ಅಂಕಿ ಅವರವರಿಗೆ ಮಾತ್ರ ಕಾಣುವಂತೆ ಮಾಡಿದರೆ ಒಪ್ಪುವವರು ಜಾಸ್ತಿ ಆಗುತ್ತಾರೆ. ಅಕ್ಷರ ಒತ್ತಲು ಬೇಸರಪಡುವ ಹಿರಿಯರು ವಾಟ್ಸಾಪಿನಲ್ಲಿ ಧ್ವನಿ ಕಳಿಸಲಿ. ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಹೇಳಲಿ, ಅಂಕಿ ಬರೆದುಕೊಳ್ಳಲು ಶಾಲೆಯ ಮಕ್ಕಳು ಸಾಕು.

ಗಡಿಯ ಸಂಗತಿ ಇನ್ನೂ ಉಳಿದಿದೆ. ಕರ್ನಾಟಕ ತನ್ನ ಗ್ರಾಮ ಪಂಚಾಯತಿಗಳಲ್ಲಿ ತಾನಾಗಿ ಅಳೆದು ಕಳಿಸುವ ಮಳೆಮಾಪಕಗಳನ್ನು ಕೂರಿಸಿದೆ. ಸುಳ್ಯದ ಮಳೆ ಬೆಂಗಳೂರಿನ ಕಂಪ್ಯೂಟರಿಗೆ ಹೋಗುತ್ತದೆ. ಅದೇ ಮಳೆ ಹೊಳೆಯಾಗಿ ಮುಳಿಯಾರಿಗೆ ಬಂದ ಮೇಲೆ ಅದರ ಲೆಕ್ಕ ತಿರುವನಂತಪುರದ ಪಾಲು. ಎರಡು ಸರ್ಕಾರಗಳು ಕೂತು ಮಾತಾಡಲಿ ಎಂದು ಕಾಯುವುದಕ್ಕಿಂತ, ಹೊಳೆಯುದ್ದಕ್ಕೂ ಸುಳ್ಯ, ದೇಲಂಪಾಡಿ, ಮುಳಿಯಾರಿನ ಶಾಲೆಗಳಿಂದ ಶುರು ಮಾಡಬಹುದು. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಒಂದೇ ಹೊತ್ತಿಗೆ ಮಳೆ ಅಳೆಯಬೇಕು. ಹೊತ್ತು ತಪ್ಪಿದರೆ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ. ಶಾಲೆಗೆ ರಜೆ ಇರುವ ದಿನದ ಲೆಕ್ಕಕ್ಕೆ ಹತ್ತಿರದ ಮನೆಯವರೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಮ್ಮಲ್ಲಿ ರಜೆ ಕೊಡುವುದು ಮಳೆ ಜೋರಾಗಿರುವ ದಿನವೇ ತಾನೆ.